ಡರ್ಮಟೊಮಯೊಸೈಟಿಸ್‌ಗೆ ಆಯುರ್ವೇದ: ಎಲ್ಲಿ ನೆರವು, ಎಲ್ಲಿ ಅಪಾಯ?

ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕು. ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗದು. ತಲೆ ಬಾಚಲು ಎತ್ತಿದ ಕೈ ಅರ್ಧದಲ್ಲೇ ಸೋತು ಬೀಳುತ್ತದೆ. ಜೊತೆಗೆ ಕಣ್ಣಿನ ರೆಪ್ಪೆಯ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಉಬ್ಬು, ಬಿಸಿಲಿಗೆ ಹೋದರೆ ಕತ್ತು, ಎದೆಯ ಮೇಲೆ ಉರಿ. ಇವೆಲ್ಲ ಒಟ್ಟಿಗೆ ಬಂದರೆ ವೈದ್ಯರು ಮೊದಲು ಅನುಮಾನಿಸಬೇಕಾದ ಕಾಯಿಲೆಯ ಹೆಸರು ಡರ್ಮಟೊಮಯೊಸೈಟಿಸ್. ನಮ್ಮ ಕಂದು ಚರ್ಮದಲ್ಲಿ ಆ ನೇರಳೆ ಬಣ್ಣ ಬರೀ ಕಪ್ಪಾಗಿ ಕಾಣುತ್ತದೆ. ಅಲರ್ಜಿ ಅಂತಲೋ ಬಂಗು ಅಂತಲೋ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವವರು ಇದ್ದಾರೆ. ಸ್ನಾಯುವಿನ ಸುಸ್ತನ್ನಂತೂ ರಕ್ತಹೀನತೆ, ವಯಸ್ಸು, ಟೆನ್ಷನ್ ಅಂತ ತಳ್ಳಿಹಾಕುವುದು ಸುಲಭ. ಅದರಲ್ಲೂ ರೋಗಿ ಹೆಂಗಸಾದರೆ ಇನ್ನೂ ಸುಲಭ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಇದು ಅಪರೂಪದ ಕಾಯಿಲೆ. ಆದರೆ ಆಯುರ್ವೇದದ ಬಗ್ಗೆ ನಾವು ನಡೆಸುವ ಜಗಳ ಎಷ್ಟು ನಿಷ್ಪ್ರಯೋಜಕ ಅನ್ನುವುದನ್ನು ಇದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದು ಸಿಗಲಿಕ್ಕಿಲ್ಲ. ಒಂದು ಗುಂಪಿಗೆ ಆಯುರ್ವೇದ ಅಂದರೆ ಸಂಸ್ಕೃತಿಯ ಹೆಮ್ಮೆ, ಪ್ರಶ್ನೆ ಕೇಳಿದವರು ದೇಶದ್ರೋಹಿಗಳು. ಇನ್ನೊಂದು ಗುಂಪಿಗೆ ಅದು ಪೂರ್ತಿ ಹುಸಿವಿಜ್ಞಾನ, ಅಲ್ಲಿಗೆ ಹೋಗುವವರು ಮೂಢರು. ಸ್ಟೀರಾಯ್ಡ್ ಮಾತ್ರೆಯ ಡಬ್ಬಿ ಒಂದು ಕೈಯಲ್ಲಿ, ಕಷಾಯದ ಬಾಟಲಿ ಇನ್ನೊಂದು ಕೈಯಲ್ಲಿ ಹಿಡಿದು ಕೂತ ರೋಗಿಗೆ ಈ ಎರಡೂ ಗುಂಪಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಕಾಯಿಲೆ ಮಾಡುವುದೇನು

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಸ್ನಾಯು, ಚರ್ಮ ಮತ್ತು ಅಲ್ಲಿನ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುತ್ತದೆ. ಇಂಥ ಕಾಯಿಲೆಗಳಿಗೆ ಆಟೊಇಮ್ಯೂನ್ ಅನ್ನುತ್ತಾರೆ. ಮಕ್ಕಳಲ್ಲಿ 5ರಿಂದ 15 ವರ್ಷದೊಳಗೆ, ದೊಡ್ಡವರಲ್ಲಿ 40ರಿಂದ 60ರೊಳಗೆ ಹೆಚ್ಚು. ಸ್ನಾಯು ಒಡೆದಾಗ ಅದರೊಳಗಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ ನೂರಿನ್ನೂರರ ಆಸುಪಾಸಿನಲ್ಲಿರುವ ಈ ಸಂಖ್ಯೆ ಸಾವಿರಗಳಿಗೆ ಏರಬಹುದು. ಹಾಗಂತ ಅದು ಏರಲೇಬೇಕೆಂದಿಲ್ಲ. ಚರ್ಮದಲ್ಲಷ್ಟೇ ಕಾಣಿಸಿಕೊಳ್ಳುವ ಬಗೆಯೂ ಇದೆ. ಇಎಂಜಿ, ಎಂಆರ್‌ಐ, ಸ್ನಾಯುವಿನ ಬಯಾಪ್ಸಿ, ರಕ್ತದಲ್ಲಿ ಆ್ಯಂಟಿಬಾಡಿಗಳ ಪರೀಕ್ಷೆ, ಇವೆಲ್ಲ ಸೇರಿದಾಗ ಚಿತ್ರ ಪೂರ್ತಿಯಾಗುತ್ತದೆ.

ಹೊರಗೆ ಕಾಣುವ ದದ್ದು, ಸುಸ್ತಿಗಿಂತ ಹೆದರಬೇಕಾದ ಎರಡು ಸಂಗತಿ ಒಳಗಿರುತ್ತವೆ. ಒಂದು ಶ್ವಾಸಕೋಶ. ಎಂಡಿಎ-5 ಎಂಬ ಆ್ಯಂಟಿಬಾಡಿ ಇರುವ ಕೆಲವರಲ್ಲಿ ಶ್ವಾಸಕೋಶದ ಉರಿಯೂತ ಕೆಲವೇ ವಾರಗಳಲ್ಲಿ ಜೀವಕ್ಕೆ ಕುತ್ತು ತರುತ್ತದೆ. ಇನ್ನೊಂದು ಕ್ಯಾನ್ಸರ್. ದೊಡ್ಡವರಲ್ಲಿ ಈ ಕಾಯಿಲೆಯ ಜೊತೆ ಅಂಡಾಶಯ, ಶ್ವಾಸಕೋಶ, ಸ್ತನ, ಹೊಟ್ಟೆ ಮುಂತಾದ ಕಡೆ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಹೆಚ್ಚು, ಅದರಲ್ಲೂ ಕಾಯಿಲೆ ಗೊತ್ತಾದ ಮೊದಲ ಮೂರು ವರ್ಷಗಳಲ್ಲಿ. ಹಾಗಾಗಿ ಮೊದಲ ಕೆಲವು ತಿಂಗಳನ್ನು ಯಾವ ಪದ್ಧತಿಯ ವೈದ್ಯರೇ ಆಗಲಿ ‘ನೋಡೋಣ’ ಅಂತ ಕಳೆದರೆ, ಕಳೆಯುವುದು ಬರೀ ಸಮಯವನ್ನಲ್ಲ.

ಆಧುನಿಕ ಚಿಕಿತ್ಸೆ ಶುರುವಾಗುವುದು ಪ್ರೆಡ್ನಿಸೊಲೋನ್‌ನಿಂದ, ದೇಹದ ತೂಕದ ಕೆಜಿಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ತನಕ. ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಿಯೊಪ್ರಿನ್ ಅಥವಾ ಮೈಕೊಫೆನೊಲೇಟ್. ಇವು ಕೆಲಸ ಶುರುಮಾಡಿದ ಮೇಲೆ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ರಕ್ತನಾಳದ ಮೂಲಕ ಕೊಡುವ ಇಮ್ಯುನೊಗ್ಲಾಬ್ಯುಲಿನ್‌ಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಇತ್ತೀಚೆಗೆ. 2022ರಲ್ಲಿ ಪ್ರಕಟವಾದ, 95 ರೋಗಿಗಳ ಮೇಲಿನ ಪ್ರಯೋಗದಲ್ಲಿ 16 ವಾರಗಳ ನಂತರ ಔಷಧ ಪಡೆದವರಲ್ಲಿ ಶೇ 79 ಮಂದಿ ಸುಧಾರಿಸಿದ್ದರು, ಪ್ಲಾಸಿಬೊ ಪಡೆದವರಲ್ಲಿ ಶೇ 44. ಆದರೆ ಅದರ ಬಿಲ್ಲು ಲಕ್ಷಗಳಲ್ಲಿ ಇರುತ್ತದೆ.

ಜನ ಆಯುರ್ವೇದದ ಕಡೆ ಯಾಕೆ ಹೋಗುತ್ತಾರೆ ಅನ್ನುವುದು ಇಲ್ಲೇ ಅರ್ಥವಾಗಬೇಕು. ಸ್ಟೀರಾಯ್ಡ್‌ನಿಂದ ಮುಖ ಊದುತ್ತದೆ, ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಸವೆಯುತ್ತದೆ. ಸಾಲದ್ದಕ್ಕೆ, ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಸ್ಟೀರಾಯ್ಡೇ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಜಿಲ್ಲಾ ಕೇಂದ್ರಗಳಲ್ಲೂ ರುಮಟಾಲಜಿಸ್ಟ್ ಸಿಗುವುದು ಕಷ್ಟ. ದೊಡ್ಡ ಆಸ್ಪತ್ರೆಯಲ್ಲಿ ಐದು ನಿಮಿಷ ಸಿಕ್ಕಿದರೆ ಪುಣ್ಯ. ಪಂಡಿತರು ಅರ್ಧ ಗಂಟೆ ಕೂರಿಸಿ ನಿದ್ದೆ, ಹೊಟ್ಟೆ, ಮನಸ್ಸು ಎಲ್ಲ ಕೇಳುತ್ತಾರೆ. ಇದನ್ನು ಮೂಢನಂಬಿಕೆ ಅನ್ನುವವರು ಒಮ್ಮೆ ಆ ಸರದಿಯಲ್ಲಿ ನಿಂತು ನೋಡಲಿ.

ಹೆಸರಿಲ್ಲದ ರೋಗ

ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಡರ್ಮಟೊಮಯೊಸೈಟಿಸ್ ಇಲ್ಲ. ‘ನಮ್ಮವರಿಗೆ ಎರಡು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು’ ಅನ್ನುವವರಿಗೆ ಚರಕಸಂಹಿತೆಯೇ ಸರಿಯಾದ ಉತ್ತರ ಕೊಡುತ್ತದೆ. ಅದರ ಸೂತ್ರಸ್ಥಾನದ 18ನೇ ಅಧ್ಯಾಯದಲ್ಲಿ, ಎಲ್ಲ ರೋಗಕ್ಕೂ ನಿಶ್ಚಿತ ಹೆಸರಿರುವುದಿಲ್ಲ, ಹೆಸರು ಗೊತ್ತಾಗಲಿಲ್ಲವೆಂದು ವೈದ್ಯ ನಾಚಬೇಕಾಗಿಲ್ಲ ಎಂಬ ಮಾತು ಬರುತ್ತದೆ. ಯಾವ ದೋಷ ಕೆರಳಿದೆ, ದೇಹದ ಯಾವ ಜಾಗದಲ್ಲಿ ನಿಂತಿದೆ, ಕಾರಣವೇನು ಎಂದು ನೋಡಿ ಚಿಕಿತ್ಸೆ ಮಾಡು ಅನ್ನುವುದು ಅದರ ಸೂಚನೆ. ನನಗೆ ಇದು ಪ್ರಾಮಾಣಿಕ ನಿಲುವು ಅನ್ನಿಸುತ್ತದೆ. ಇವತ್ತಿನ ಜಾಹೀರಾತುಗಳಲ್ಲಿ ಕಾಣೆಯಾಗಿರುವುದೂ ಇದೇ.

ಈ ದಾರಿ ಹಿಡಿದ ವೈದ್ಯರು ನಾಲ್ಕು ಹಳೆಯ ರೋಗವರ್ಣನೆಗಳ ನಡುವೆ ಹುಡುಕುತ್ತಾರೆ. ಮಾಂಸಗತ ವಾತದಲ್ಲಿ ಮೈ ಭಾರ, ವಿಪರೀತ ಆಯಾಸ, ದೊಣ್ಣೆಯಲ್ಲಿ ಬಡಿದಂಥ ನೋವು. ವಾತರಕ್ತದಲ್ಲಿ ವಾತವೂ ರಕ್ತವೂ ಒಟ್ಟಿಗೆ ಕೆಟ್ಟು ಚರ್ಮದ ಬಣ್ಣ ಬದಲಾಗಿ ಉರಿ ಬರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 29ನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ದದ್ದು ಮುಖ್ಯವಾಗಿದ್ದರೆ ಕುಷ್ಠದ ಕಡೆ ವಾಲುತ್ತಾರೆ. ಗಾಬರಿ ಬೇಡ, ಶಾಸ್ತ್ರದಲ್ಲಿ ಕುಷ್ಠ ಅಂದರೆ ಚರ್ಮರೋಗಗಳ ದೊಡ್ಡ ಗುಂಪು, ಬರೀ ಕುಷ್ಠರೋಗವಲ್ಲ. ಕೀಲುನೋವು, ಜಡತೆ, ಜೀರ್ಣದ ತೊಂದರೆ ಹೆಚ್ಚಿದ್ದರೆ ಮಾಧವನಿದಾನದಲ್ಲಿ ಹೇಳಿರುವ ಆಮವಾತ.

ಹಾಗಾಗಿ ಲ್ಯಾಬ್ ವರದಿಯಲ್ಲಿ ಒಂದೇ ಕಾಯಿಲೆ ಇರುವ ಇಬ್ಬರಿಗೆ ಇಬ್ಬರು ವೈದ್ಯರು ಬೇರೆ ಬೇರೆ ಔಷಧ ಕೊಡಬಹುದು. ಆದರೂ ಒಂದು ಸಾಮಾನ್ಯ ಕ್ರಮವಿದೆ. ಮೊದಲು ಹಸಿವು, ಜೀರ್ಣ ಸರಿಪಡಿಸುವ ಔಷಧ. ನಂತರ ಕೆಲವು ದಿನ ಮಹಾತಿಕ್ತಕ ಘೃತದಂಥ ಕಹಿ ತುಪ್ಪ ಕುಡಿಸಿ ವಿರೇಚನ, ಅಂದರೆ ಭೇದಿ. ಆಮೇಲೆ ಬಸ್ತಿ. ಒಳಗೆ ಕೈಶೋರ ಗುಗ್ಗುಳು, ಅಮೃತಬಳ್ಳಿ, ಮಂಜಿಷ್ಠ, ಅಶ್ವಗಂಧ. ಹೊರಗೆ ಎಣ್ಣೆಯ ಅಭ್ಯಂಗ. ಸ್ನಾಯು ಕರಗಿದವರಿಗೆ ಕೇರಳದ ಪದ್ಧತಿಯಲ್ಲಿ ಹೆಸರಾದ ನವರ ಅಕ್ಕಿಯ ಉಪಚಾರ: ಅಕ್ಕಿಯನ್ನು ಹಾಲು ಮತ್ತು ಬಲಾ ಬೇರಿನ ಕಷಾಯದಲ್ಲಿ ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಚ್ಚಗೆ ಮೈಮೇಲೆ ಉಜ್ಜುತ್ತಾರೆ.

ಕೆಲಸ ಮಾಡುತ್ತದಾ?

ಡರ್ಮಟೊಮಯೊಸೈಟಿಸ್ ಬಗ್ಗೆ ಆಯುರ್ವೇದದ ಪತ್ರಿಕೆಗಳಲ್ಲಿ ಸಿಗುವುದು ಬಹುತೇಕ ಒಬ್ಬೊಬ್ಬ ರೋಗಿಯ ವರದಿಗಳು. ಅವುಗಳ ಕಥೆ ಹೆಚ್ಚುಕಡಿಮೆ ಒಂದೇ ಥರ. ರೋಗಿ ಕೆಲವು ತಿಂಗಳಿಂದ ಸ್ಟೀರಾಯ್ಡ್ ಮೇಲಿದ್ದಾರೆ, ಬಂದು ಪಂಚಕರ್ಮ ಮಾಡಿಸಿಕೊಳ್ಳುತ್ತಾರೆ, ಕಿಣ್ವದ ಸಂಖ್ಯೆ ಇಳಿಯುತ್ತದೆ, ಮೆಟ್ಟಿಲು ಹತ್ತುತ್ತಾರೆ. ಸಂತೋಷ. ಆದರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದರಲ್ಲಿ ಈಗಲೂ ನನಗೆ ಉಪಯೋಗಕ್ಕೆ ಬರುವ ಪಾಠ ಒಂದೇ: ನಾಲ್ಕು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದರೆ ಮೀಟರ್ ಇಳಿದದ್ದು ಯಾವುದರಿಂದ ಅಂತ ಹೇಳಲಾಗದು. ಸ್ಟೀರಾಯ್ಡ್ ತನ್ನ ಕೆಲಸ ಮುಗಿಸುವ ಹೊತ್ತಿಗೆ ಕಷಾಯ ಬಂದಿರಬಹುದು. ಕಾಯಿಲೆ ತಾನಾಗಿ ಏರಿ ಇಳಿಯುವ ಸ್ವಭಾವದ್ದೂ ಹೌದು. ಗುಣವಾಗದವರ ಕಥೆಯನ್ನು ಯಾರೂ ಬರೆದು ಪ್ರಕಟಿಸುವುದಿಲ್ಲ.

‘ಆಯುರ್ವೇದ ಒಬ್ಬೊಬ್ಬರಿಗೆ ಒಂದೊಂದು ಥರ, ಅದನ್ನು ನಿಮ್ಮ ಪ್ರಯೋಗದ ಚೌಕಟ್ಟಿಗೆ ಹಾಕಲಾಗದು’ ಅನ್ನುವ ವಾದ ಆಗಾಗ ಕೇಳಿಬರುತ್ತದೆ. ಹಾಕಬಹುದು, ಹಾಕಿ ತೋರಿಸಿದ್ದಾರೆ. ಇದರ ಅಣ್ಣತಮ್ಮನಂತಿರುವ ಸಂಧಿವಾತದ ಮೇಲೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಮೇಲೆ, ಕೊಯಮತ್ತೂರಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 43 ರೋಗಿಗಳು, ಮೂರು ಗುಂಪು: ಆಯುರ್ವೇದ ಮಾತ್ರ, ಮೆಥೊಟ್ರೆಕ್ಸೇಟ್ ಮಾತ್ರ, ಎರಡೂ. ವೈದ್ಯರು ಪ್ರತಿಯೊಬ್ಬರಿಗೂ ಅವರವರ ಪ್ರಕೃತಿ ನೋಡಿಯೇ ಔಷಧ ಬರೆದರು. ಆದರೆ ಸಿಗುತ್ತಿರುವುದು ನಿಜವಾದ ಔಷಧವೋ ಅದರಂತೆ ಕಾಣುವ ಪ್ಲಾಸಿಬೊವೋ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಮೂರೂ ಗುಂಪಿನ ಫಲಿತಾಂಶ ಹತ್ತಿರಹತ್ತಿರ ಬಂತು. 43 ಜನರಿಂದ ಏನನ್ನೂ ಸಾಧಿಸಿದೆ ಎನ್ನಲಾಗದು, ಅದು ದೊಡ್ಡ ಪ್ರಯೋಗಕ್ಕೆ ಮುನ್ನುಡಿ ಆಗಬೇಕಿತ್ತು, ಅಷ್ಟೆ. ಪ್ರತ್ಯೇಕ ಸಚಿವಾಲಯವೇ ಇರುವ ದೇಶದಲ್ಲಿ ಇಂಥ ಪ್ರಯೋಗಗಳು ಬೆರಳೆಣಿಕೆಯಷ್ಟೇ ಇರುವುದು ದುಡ್ಡಿನ ಕೊರತೆಯಿಂದಲ್ಲ ಅನ್ನುವುದು ನನ್ನ ಅನುಮಾನ.

ಸದ್ಯಕ್ಕೆ ಹೇಳಬಹುದಾದದ್ದು ಇಷ್ಟು. ಹಗುರವಾದ ಅಭ್ಯಂಗ, ಬೆಚ್ಚನೆಯ ಅಕ್ಕಿಗಂಟು ನೋವು, ಬಿಗಿತಕ್ಕೆ ಹಿತ ಕೊಡಬಹುದು. ಚರ್ಮ ಒಡೆದು ಹುಣ್ಣಾಗಿರುವ ಕಡೆ ಮಾತ್ರ ಬೇಡ. ಉಪ್ಪು, ಕರಿದದ್ದು, ಸಿಹಿ ಕಡಿಮೆ ಮಾಡುವ ಪಥ್ಯ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಒಳ್ಳೆಯದೇ. ಆದರೆ ಮೊಸರು, ಬೇಳೆ, ಮೊಟ್ಟೆ, ಮೀನು ಎಲ್ಲ ಬಿಡಿಸಿ ಗಂಜಿ ಕುಡಿಸುವ ಪಥ್ಯ ಸ್ನಾಯು ಕರಗುತ್ತಿರುವ ದೇಹಕ್ಕೆ ಮಾಡುವ ಅನ್ಯಾಯ. ‘ಅಲುಗಾಡದೆ ಮಲಗು’ ಅನ್ನುವ ಸಲಹೆಯೂ ಹಳತಾಗಿದೆ. ಉಸ್ತುವಾರಿಯಲ್ಲಿ ಮಾಡುವ ವ್ಯಾಯಾಮ ಸುರಕ್ಷಿತ, ಶಕ್ತಿಯನ್ನೂ ಹೆಚ್ಚಿಸುತ್ತದೆ ಎಂದು ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು ವರ್ಷಗಳ ಕೆಲಸದಿಂದ ತೋರಿಸಿದ್ದಾರೆ.

‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ’

ಅತ್ಯಂತ ಅಪಾಯದ ಸಲಹೆ ಇದು. ಮೂರು ವಾರಕ್ಕಿಂತ ಹೆಚ್ಚು ದಿನ ಸ್ಟೀರಾಯ್ಡ್ ತೆಗೆದುಕೊಂಡ ದೇಹದಲ್ಲಿ ಅಡ್ರಿನಲ್ ಗ್ರಂಥಿ ಸ್ವಂತ ಉತ್ಪಾದನೆಯನ್ನು ಕಡಿಮೆ ಮಾಡಿಕೊಂಡಿರುತ್ತದೆ. ಮಾತ್ರೆ ದಿಢೀರನೆ ನಿಂತರೆ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಪ್ರಜ್ಞೆ ತಪ್ಪಿ ಜೀವವೇ ಹೋಗಬಹುದು. ಜೊತೆಗೆ ಅದುಮಿಟ್ಟಿದ್ದ ಕಾಯಿಲೆ ಕೆರಳುವುದು ಬೇರೆ. ಜವಾಬ್ದಾರಿಯುತ ಆಯುರ್ವೇದ ವೈದ್ಯರು ಈ ಮಾತು ಹೇಳುವುದಿಲ್ಲ.

ಎರಡನೆಯದು ‘ಇಮ್ಯೂನಿಟಿ ಹೆಚ್ಚಿಸುತ್ತೆ’ ಅನ್ನುವ ಲೇಬಲ್. ಕೋವಿಡ್ ಕಾಲದಿಂದ ಇದು ಒಳ್ಳೆಯ ಮಾತು ಅಂತಲೇ ನಮ್ಮ ಕಿವಿಗೆ ಅಭ್ಯಾಸವಾಗಿದೆ. ಆದರೆ ಆಟೊಇಮ್ಯೂನ್ ರೋಗಿಯ ತೊಂದರೆ ಇಮ್ಯೂನಿಟಿ ಕಡಿಮೆ ಇರುವುದಲ್ಲ, ಅದು ದಾರಿತಪ್ಪಿ ಕೆರಳಿರುವುದು. ಸ್ಪಿರುಲಿನಾ, ಎಕಿನೇಶಿಯಾದಂಥ ಪೂರಕಗಳನ್ನು ತೆಗೆದುಕೊಂಡ ಮೇಲೆ ಡರ್ಮಟೊಮಯೊಸೈಟಿಸ್ ಸೇರಿದಂತೆ ಇಂಥ ಕಾಯಿಲೆಗಳು ಕೆರಳಿದ್ದನ್ನು ಅಮೆರಿಕದ ಚರ್ಮತಜ್ಞರು 2004ರಲ್ಲೇ ವರದಿ ಮಾಡಿದ್ದರು. ನಮ್ಮಲ್ಲಿ ಅಮೃತಬಳ್ಳಿಯ ಸರದಿ 2021ರಲ್ಲಿ ಬಂತು. ಮುಂಬೈನ ವೈದ್ಯರು 6 ರೋಗಿಗಳಲ್ಲಿ ಅದರ ಸೇವನೆಯ ನಂತರ ಆಟೊಇಮ್ಯೂನ್ ರೀತಿಯ ಯಕೃತ್ತಿನ ಹಾನಿ ಕಂಡರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದಿರಬೇಕು ಅಂದಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ನೂರಾರು ಜನ ಕುಡಿದು ಏನೂ ಆಗದಿರಬಹುದು. ಆದರೆ ಆಟೊಇಮ್ಯೂನ್ ಕಾಯಿಲೆ ಇದ್ದು, ಯಕೃತ್ತಿನ ಮೇಲೆ ಭಾರ ಹಾಕುವ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ನುಂಗುವವರು ಆ ನೂರಾರು ಜನರಲ್ಲಿ ಒಬ್ಬರಲ್ಲ.

ಇನ್ನು ಮನೆಯ ಡಬ್ಬಿಯಲ್ಲೇ ಇರುವ ಜ್ಯೇಷ್ಠಮಧು. ಕೆಮ್ಮಿಗೆ ಎರಡು ದಿನ ಕಡ್ಡಿ ಅಗಿಯುವುದು ಬೇರೆ, ವಾರಗಟ್ಟಲೆ ಕಷಾಯ ಕುಡಿಯುವುದು ಬೇರೆ. ಅದರಲ್ಲಿರುವ ಗ್ಲಿಸಿರೈಜಿನ್ ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಸ್ನಾಯು ಸೋಲುತ್ತದೆ, ಕ್ರಿಯಾಟಿನ್ ಕೈನೇಸ್ ಏರುತ್ತದೆ, ಅಂದರೆ ಮೂಲ ಕಾಯಿಲೆಯ ತದ್ರೂಪು ನಾಟಕ. ಸ್ಟೀರಾಯ್ಡ್ ಕೂಡ ಪೊಟ್ಯಾಸಿಯಂ ಇಳಿಸುತ್ತದೆ, ವಿರೇಚನದ ಭೇದಿಯೂ ಇಳಿಸುತ್ತದೆ. ಮೂರೂ ಒಟ್ಟಿಗೆ ಬಿದ್ದರೆ, ‘ಕಾಯಿಲೆ ಜಾಸ್ತಿಯಾಗಿದೆ’ ಅಂದುಕೊಂಡು ಡಾಕ್ಟರು ಸ್ಟೀರಾಯ್ಡ್ ಏರಿಸುವ ಸಾಧ್ಯತೆ ಇದೆ. ಕಷಾಯದ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲವಲ್ಲ.

ಚರ್ಮಕ್ಕೆ ಕೊಡುವ ಬಾಕುಚಿ, ನಮ್ಮ ಬಾವಂಚಿ, ಇನ್ನೊಂದು. ಅದರಲ್ಲಿರುವ ಸೊರಾಲೆನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ, ತೊನ್ನಿಗೆ ಅದನ್ನು ಬಳಸುವುದೇ ಆ ಕಾರಣಕ್ಕೆ. ಬಿಸಿಲೇ ಶತ್ರುವಾಗಿರುವ ಕಾಯಿಲೆಯಲ್ಲಿ ಅದನ್ನು ಹಚ್ಚುವುದೆಂದರೆ ಬೆಂಕಿಗೆ ಎಣ್ಣೆ. ನುಂಗಲು ಕಷ್ಟವಿರುವ ರೋಗಿಗೆ ವಮನ, ಅಂದರೆ ವಾಂತಿ ಮಾಡಿಸುವ ಕರ್ಮ ಕೂಡದು. ಗಂಟಲಿನ ಸ್ನಾಯು ಸೋತಿರುವಾಗ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು.

ಪಾದರಸ, ಸೀಸ, ಆರ್ಸೆನಿಕ್ ವಿಷಯ ಹಳೆಯದಾದರೂ ಬಿಡುವಂತಿಲ್ಲ. ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಸುಮಾರು ಶೇ 21ರಷ್ಟರಲ್ಲಿ ಇವುಗಳನ್ನು ಕಂಡಿತು. ರಸೌಷಧಗಳಲ್ಲಂತೂ ಶೇ 40ಕ್ಕೂ ಹೆಚ್ಚು. ಇದಕ್ಕಿಂತ ನನಗೆ ಸಿಟ್ಟು ತರಿಸುವುದು ಇನ್ನೊಂದು: ಲೇಬಲ್ಲೇ ಇಲ್ಲದ ‘ನಾಟಿ’ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ದಂಧೆ. ಹಲವು ಪರೀಕ್ಷೆಗಳಲ್ಲಿ ಡೆಕ್ಸಾಮೆಥಸೋನ್‌ನಂಥವು ಸಿಕ್ಕಿವೆ. ಎರಡೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ಮುಖ ತುಂಬಿಕೊಂಡಿತು ಅಂದರೆ ಅನುಮಾನಿಸಿ. ಸ್ಟೀರಾಯ್ಡ್ ಬೇಡವೆಂದು ಓಡಿಬಂದವರಿಗೆ ಅದನ್ನೇ ಅಳತೆಯಿಲ್ಲದೆ ಕುಡಿಸುವುದು ಮೋಸ ಮಾತ್ರವಲ್ಲ, ಅಪರಾಧ.

ಕಾನೂನು ಯಾರ ಕಡೆ?

ಕೈಶೋರ ಗುಗ್ಗುಳುವಿನಂಥ ಶಾಸ್ತ್ರೀಯ ಔಷಧಕ್ಕೆ ಲೈಸೆನ್ಸ್ ಪಡೆಯಲು ಸುರಕ್ಷತೆ ಅಥವಾ ಪರಿಣಾಮದ ಪ್ರಯೋಗ ಬೇಕಿಲ್ಲ. ಔಷಧ ನಿಯಮಾವಳಿಯ 158-ಬಿ ಪ್ರಕಾರ ಮಾನ್ಯ ಗ್ರಂಥದಲ್ಲಿ ಅದು ಇದ್ದು, ಅಲ್ಲಿ ಹೇಳಿದ ಬಳಕೆಗೇ ಮಾರಿದರೆ ಸಾಕು. ಆದರೆ ಗ್ರಂಥ ಬರೆದ ಕಾಲದಲ್ಲಿ ಮೆಥೊಟ್ರೆಕ್ಸೇಟ್ ಇರಲಿಲ್ಲ. ಎರಡನ್ನೂ ಒಟ್ಟಿಗೆ ನುಂಗಿದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಯಾರ ಮೇಲೂ ಇಲ್ಲ.

ಜಾಹೀರಾತಿನ ಕಥೆ ಇನ್ನೂ ಚೆನ್ನಾಗಿದೆ. 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ 54 ರೋಗಗಳ ಪಟ್ಟಿ ಮಾಡಿ, ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವಂತಿಲ್ಲ ಅನ್ನುತ್ತದೆ. ಪಟ್ಟಿಯಲ್ಲಿ ಲೂಪಸ್ ಇದೆ, ಪಾರ್ಶ್ವವಾಯು ಇದೆ, ಡರ್ಮಟೊಮಯೊಸೈಟಿಸ್ ಇಲ್ಲ. 2018ರ ಡಿಸೆಂಬರ್‌ನಲ್ಲಿ ಸೇರಿಸಿದ 170ನೇ ನಿಯಮ, ಆಯುಷ್ ಔಷಧದ ಜಾಹೀರಾತಿಗೆ ಮುಂಚೆ ರಾಜ್ಯದ ಲೈಸೆನ್ಸಿಂಗ್ ಅಧಿಕಾರಿಯ ಒಪ್ಪಿಗೆ ಬೇಕು ಅಂದಿತು. 2024ರ ಜುಲೈ 1ರಂದು ಕೇಂದ್ರ ಆ ನಿಯಮವನ್ನೇ ಕೈಬಿಟ್ಟಿತು. ಪತಂಜಲಿ ಜಾಹೀರಾತು ಪ್ರಕರಣದ ವಿಚಾರಣೆಯಲ್ಲಿದ್ದ ಸುಪ್ರೀಂ ಕೋರ್ಟ್ ಆ ಆಗಸ್ಟ್‌ನಲ್ಲಿ ಇದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘದ ಅರ್ಜಿ ಮುಕ್ತಾಯವಾದಾಗ ತಡೆಯೂ ಹೋಯಿತು. ಈಗ ದೂರು ಕೊಡಲು ಆಯುಷ್ ಸುರಕ್ಷಾ ಎಂಬ ಪೋರ್ಟಲ್ ಇದೆ. ಅಂದರೆ ಜಾಹೀರಾತು ಬರಲಿ, ಜನ ಕೊಳ್ಳಲಿ, ಆಮೇಲೆ ಯಾರಾದರೂ ದೂರು ಕೊಟ್ಟರೆ ನೋಡೋಣ ಅನ್ನುವ ವ್ಯವಸ್ಥೆ.

ಎರಡೂ ಕಡೆ ಹೋಗುವವರಿಗೆ

ಬಹುಪಾಲು ಜನ ಎರಡೂ ಕಡೆ ಹೋಗುತ್ತಾರೆ, ಒಂದು ಕಡೆಯವರಿಗೆ ಇನ್ನೊಂದನ್ನು ಮುಚ್ಚಿಡುತ್ತಾರೆ. ಬೈಯುತ್ತಾರೆ ಅನ್ನುವ ಭಯ. ರೋಗಿ ಬಾಯಿ ಮುಚ್ಚುವಂತೆ ಬೈಯುವ ಡಾಕ್ಟರೂ ಈ ಅಪಾಯದಲ್ಲಿ ಪಾಲುದಾರರೇ. ಒಂದೇ ಹಾಳೆಯಲ್ಲಿ ಎಲ್ಲ ಔಷಧದ ಹೆಸರು, ಶುರುಮಾಡಿದ ತಾರೀಖು, ಕಿಣ್ವ, ಯಕೃತ್ತು, ಪೊಟ್ಯಾಸಿಯಂ ಸಂಖ್ಯೆಗಳನ್ನು ಬರೆದು ಇಬ್ಬರಿಗೂ ತೋರಿಸಿ. ಹೆಸರು ಹೇಳದ ಪುಡಿ, ಬಿಲ್ ಕೊಡದ ಮಾತ್ರೆ ಬೇಡ. ಹೊಸದೊಂದನ್ನು ಶುರುಮಾಡಿದರೆ ಯಕೃತ್ತಿನ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಸ್ಟೀರಾಯ್ಡ್ ಇಳಿಸುವ ನಿರ್ಧಾರ ಅದನ್ನು ಬರೆದವರದ್ದೇ ಆಗಿರಲಿ. ಕ್ಯಾನ್ಸರ್ ತಪಾಸಣೆ, ಎದೆಯ ಸಿಟಿ ಸ್ಕ್ಯಾನ್ ಆಗಿದೆಯೇ ಅಂತ ಕೇಳಿ.

ನೀರು ಕುಡಿದರೆ ಮೂಗಿಗೆ ಬರುವುದು, ಊಟ ಮಾಡುವಾಗ ಕೆಮ್ಮು, ದನಿ ಬದಲಾಗುವುದು, ನಡೆದರೆ ಏದುಸಿರು, ಒಣಕೆಮ್ಮು, ದಿನೇದಿನೇ ಹೆಚ್ಚುವ ಸೋಲು, ಕಣ್ಣು ಹಳದಿಯಾಗುವುದು, ಸ್ಟೀರಾಯ್ಡ್ ತಪ್ಪಿದ ಮೇಲೆ ವಾಂತಿ, ತಲೆಸುತ್ತು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಆ ಹಾಳೆಯ ಸಮೇತ.